ಕಿವಿ ಬೇಡ ಅಂದರೆ ಬೇಡ!

ಮಳೆಗಾಲ ಮುಗಿದು ಸಮುದ್ರ ಸ್ವಲ್ಪ ಸುಮ್ಮನಾಗುತ್ತಿದ್ದ ಹಾಗೇ ನಮ್ಮ ಫೋನುಗಳಲ್ಲಿ ಒಂದು ಸುಗ್ಗಿ ಶುರುವಾಗುತ್ತದೆ, ಗಮನಿಸಿದ್ದೀರಾ? ನೀಲಿ ನೀರು, ಬುಳುಬುಳು ಗುಳ್ಳೆ, ಸುತ್ತ ಪಟ್ಟೆಪಟ್ಟೆ ಮೀನು, ನಡುವೆ ಅರ್ಧ ಮುಖ ಮುಚ್ಚುವ ಮಾಸ್ಕು ಹಾಕಿಕೊಂಡು ಕೈಸನ್ನೆ ಮಾಡುತ್ತಿರುವ ನಮ್ಮವರೇ ಯಾರೋ ಒಬ್ಬರು. ಹಿಂದೆಲ್ಲ ಇಂಥ ಫೋಟೋ ಕಂಡರೆ ಅಂಡಮಾನಿನದು ಅಂತ ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು. ಈಗ ಅಷ್ಟು ದೂರ ಹೋಗಬೇಕಿಲ್ಲ, ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ಆಚೆಗಿರುವ ನೇತ್ರಾಣಿ ನಡುಗಡ್ಡೆಯೇ ಸಾಕು. ‘ಗಂಧದ ಗುಡಿ’ (2022) ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿನ ನೀರಿಗಿಳಿದದ್ದನ್ನು ನೋಡಿದ ಮೇಲಂತೂ ನನ್ನ ಪರಿಚಯದವರಲ್ಲೇ ಎಷ್ಟು ಜನ ಹೋಗಿ ಬಂದರೋ ಲೆಕ್ಕವಿಲ್ಲ. ಈಜು ಬರದವರೂ ಹೋಗಿದ್ದಾರೆ. ಬಕೆಟ್ಟಿನ ನೀರಿಗೂ ಹೆದರುತ್ತಿದ್ದ ನನ್ನ ದೊಡ್ಡಮ್ಮನ ಮಗನೂ ಹೋಗಿದ್ದಾನೆ :-)

ಆ ಫೋಟೋಗಳಲ್ಲಿ ಕೆಲವರು ನಗುನಗುತ್ತಾ ಹೆಬ್ಬೆರಳು ಎತ್ತಿ ತೋರಿಸಿರುತ್ತಾರೆ. ‘ಸೂಪರ್!’ ಅನ್ನೋ ಅರ್ಥದಲ್ಲಿ. ಆದರೆ ಡೈವಿಂಗಿನ ಸನ್ನೆಭಾಷೆಯಲ್ಲಿ ಹೆಬ್ಬೆರಳು ಮೇಲೆತ್ತಿದರೆ ‘ಸಾಕು, ಮೇಲಕ್ಕೆ ಹೋಗೋಣ’ ಅಂತ ಅರ್ಥ. ಎಲ್ಲ ಸರಿಯಿದೆ ಅನ್ನೋಕೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಇನ್ನೊಂದು ಸನ್ನೆ ಇದೆ: ಅಂಗೈಯನ್ನು ಅಡ್ಡ ಹಿಡಿದು ಆ ಕಡೆ ಈ ಕಡೆ ತೂಗಾಡಿಸಿ, ಬೆರಳಿನಿಂದ ಕಿವಿ ತೋರಿಸುವುದು. ‘ಕಿವಿ ಸರಿಯಿಲ್ಲ’ ಅಂತ. ಯಾರ ಫೋಟೋದಲ್ಲೂ ಈ ಸನ್ನೆ ಇರುವುದಿಲ್ಲ. ಇವತ್ತು ನಾನು ಬರೆಯಹೊರಟಿರೋದು ಇದರ ಬಗ್ಗೆಯೇ.

ಮೊದಲೇ ಹೇಳಿಬಿಡುತ್ತೇನೆ, ಡೈವಿಂಗ್ ಬೇಡ ಅನ್ನೋ ಬರಹ ಅಲ್ಲ ಇದು. ನಾನೂ ಎರಡು ಸಲ ಇಳಿದವನು, ಮತ್ತೂ ಇಳಿಯುವ ಆಸೆ ಇರುವವನು. ನನ್ನ ವಾದ ಇಷ್ಟೇ: ಮೋಜಿಗೆ ಸಮುದ್ರಕ್ಕಿಳಿಯುವ ನಮ್ಮಂಥವರಿಗೆ ಅತಿ ಹೆಚ್ಚು ಪೆಟ್ಟು ಬೀಳೋದು ಕಿವಿಗೆ. ಆದರೆ ಇಳಿಯಬೇಕಾ ಬೇಡವಾ ಅಂತ ತೀರ್ಮಾನ ಮಾಡೋವಾಗ ಮಾತ್ರ ಕಿವಿಯನ್ನ ಯಾರೂ ಕೇಳೋದಿಲ್ಲ. ಕಟ್ಟಿದ ದುಡ್ಡನ್ನ ಕೇಳ್ತೀವಿ, ಜೊತೆಗೆ ಬಂದವರನ್ನ ಕೇಳ್ತೀವಿ, ಕ್ಯಾಮೆರಾ ಹಿಡಿದವರನ್ನ ಕೇಳ್ತೀವಿ. ಇದು ಬದಲಾಗಬೇಕು.

*

ಶಾರ್ಕು, ಆಮ್ಲಜನಕ ಖಾಲಿಯಾಗೋದು ಇಂಥವಕ್ಕೆಲ್ಲ ಹೆದರುವ ನಾವು ಕಿವಿಗೆ ಯಾಕೆ ಹೆದರಬೇಕು ಅಂತ ಕೇಳ್ತೀರೇನೋ. (ಅಂದ ಹಾಗೆ, ಬೆನ್ನ ಮೇಲಿನ ಸಿಲಿಂಡರಿನಲ್ಲಿ ಇರೋದು ಬರೀ ಆಮ್ಲಜನಕ ಅಲ್ಲ, ನಾವು ನೀವು ಉಸಿರಾಡೋ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ.) ಉತ್ತರಕ್ಕೆ ಸಮುದ್ರದ ತನಕ ಹೋಗೋದೂ ಬೇಡ, ಘಾಟಿ ಇಳಿದರೆ ಸಾಕು.

ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಮಾವಿನಗುಂಡಿ ದಾಟಿ ಗೇರುಸೊಪ್ಪೆಯ ತಿರುವುಗಳಲ್ಲಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದಲ್ಲ? ಪಕ್ಕದವರು ಮಾತಾಡಿದ್ದು ದೂರದಿಂದ ಕೇಳಿದ ಹಾಗೆ. ಒಂದು ಸಲ ಉಗುಳು ನುಂಗಿದರೆ ಅಥವಾ ಆಕಳಿಸಿದರೆ ‘ಟಪ್’ ಅಂತ ಬಿಟ್ಟುಕೊಳ್ಳುತ್ತದೆ. ಕಿವಿತಮಟೆಯ ಹಿಂದೆ ಒಂದು ಸಣ್ಣ ಕೋಣೆ ಇದೆ, ಅದರೊಳಗೆ ಗಾಳಿ ಇದೆ. ಆ ಕೋಣೆಗೆ ಇರುವ ಒಂದೇ ಕಿಂಡಿ, ಮೂಗಿನ ಹಿಂಬದಿಗೆ ತೆರೆಯುವ ಯೂಸ್ಟೇಶಿಯನ್ ನಳಿಕೆ. ಹೊರಗಿನ ಗಾಳಿಯ ಒತ್ತಡ ಜಾಸ್ತಿಯಾದಾಗ ತಮಟೆ ಒಳಕ್ಕೆ ಬಾಗುತ್ತದೆ. ನಳಿಕೆ ತೆರೆದು ಒಳಗೂ ಅಷ್ಟೇ ಗಾಳಿ ಸೇರಿದರೆ ಸಮ ಆಗುತ್ತದೆ. ‘ಟಪ್’ ಅಂದದ್ದು ಅದೇ.

ಈಗ ಒಂದು ಲೆಕ್ಕ ನೋಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮುರುಡೇಶ್ವರದ ದಂಡೆಗೆ ಬಂದಿಳಿಯುವಷ್ಟರಲ್ಲಿ ಗಾಳಿಯ ಒತ್ತಡ ಹತ್ತಿರ ಹತ್ತಿರ ಶೇಕಡಾ 10ರಷ್ಟು ಏರುತ್ತದೆ. ರಾತ್ರಿಯಿಡೀ ಪ್ರಯಾಣ ಮಾಡಿದ ಇಷ್ಟು ಏರಿಕೆಗೆ ನೀರಿನಲ್ಲಿ ಎಷ್ಟು ಆಳ ಬೇಕು ಗೊತ್ತೇ? ಒಂದೇ ಒಂದು ಮೀಟರ್. ನಮ್ಮ ಸೊಂಟದಷ್ಟು ನೀರು! ವಿಮಾನದ್ದೂ ಹಾಗೇ. ಅದರೊಳಗಿನ ಒತ್ತಡವನ್ನು ಸುಮಾರು 8,000 ಅಡಿ ಎತ್ತರದಲ್ಲಿ ಇರುವುದಕ್ಕಿಂತ ಕಡಿಮೆಯಾಗದ ಹಾಗೆ ಕಾಯ್ದುಕೊಳ್ಳುತ್ತಾರೆ. ಅಲ್ಲಿಂದ ನೆಲಕ್ಕಿಳಿಯುವಾಗಿನ ಪೂರಾ ವ್ಯತ್ಯಾಸ ನೀರಿನಲ್ಲಿ ಎರಡೂವರೆ ಮೀಟರ್ ಇಳಿದಷ್ಟೇ. ಆ ಎರಡೂವರೆ ಮೀಟರಿಗೇ ವಿಮಾನದಲ್ಲಿ ಕೂಸುಗಳು ಕಿಟಾರನೆ ಕಿರುಚುತ್ತವೆ. ನೇತ್ರಾಣಿಯಂಥ ಕಡೆ ಮೊದಲ ಸಲ ಇಳಿಯುವವರನ್ನು ಇಳಿಸೋದು ಅದರ ಮೂರು ನಾಲ್ಕು ಪಟ್ಟು ಆಳಕ್ಕೆ. (ಪಾಡಿ ಸಂಸ್ಥೆಯ ನಿಯಮದ ಪ್ರಕಾರ ಇಂಥ ಮೊದಲ ಅನುಭವದ ಡೈವಿಗೆ 12 ಮೀಟರ್ ಗರಿಷ್ಠ ಮಿತಿ.) ಅದೂ ಕೆಲವೇ ನಿಮಿಷಗಳಲ್ಲಿ.

ಇನ್ನೊಂದು ವಿಚಿತ್ರ ಇದೆ. ಆಳ ಹೆಚ್ಚಾದಷ್ಟೂ ಕಿವಿಗೆ ಕಷ್ಟ ಅಂತ ನಾವಂದುಕೊಂಡಿರುತ್ತೇವೆ. ನಿಜ ಅಂದ್ರೆ ಮೇಲಿನ ಹತ್ತು ಮೀಟರೇ ಕಷ್ಟದ್ದು. ನೀರಿನ ಮೇಲ್ಮೈಯಲ್ಲಿ ಒಂದು ವಾತಾವರಣದಷ್ಟು ಒತ್ತಡ ಇದ್ದರೆ ಹತ್ತು ಮೀಟರ್ ಕೆಳಗೆ ಎರಡು, ಇಪ್ಪತ್ತು ಮೀಟರಿನಲ್ಲಿ ಮೂರು. ಅಂದರೆ ಮೊದಲ ಹತ್ತು ಮೀಟರಿನಲ್ಲೇ ಕಿವಿಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಆಮೇಲಿನ ಹತ್ತು ಮೀಟರಿನಲ್ಲಿ ಅರ್ಧದಿಂದ ಮೂರನೇ ಒಂದಕ್ಕೆ ಅಷ್ಟೇ. ‘ಜಾಸ್ತಿ ಆಳ ಏನಿಲ್ಲ ಸಾರ್, ಮೇಲ್ಮೇಲೆ ಅಷ್ಟೇ, ಏನೂ ಆಗಲ್ಲ’ ಅಂತ ಯಾರಾದರೂ ಧೈರ್ಯ ಹೇಳಿದರೆ, ಕಿವಿಯ ಮಟ್ಟಿಗೆ ಅದು ಧೈರ್ಯ ಹೇಳುವ ಮಾತಲ್ಲ.

*

ಮೂಗು ಹಿಡಿದು ಮೆಲ್ಲಗೆ ಊದಿದರೆ ಕಿವಿ ಬಿಟ್ಟುಕೊಳ್ಳುತ್ತದೆ. ಮಾಸ್ಕಿನಲ್ಲಿ ಮೂಗಿಗೂ ಮೆತ್ತನೆ ಚೀಲದಂಥ ಜಾಗ ಮಾಡಿರೋದು ಇದಕ್ಕೂ ಹೌದು. ಈ ಉಪಾಯಕ್ಕೆ ವಲ್ಸಾಲ್ವಾ ಅಂತ ಹೆಸರು. ಇಟಲಿಯ ವೈದ್ಯ ಅಂತೋನಿಯೋ ವಲ್ಸಾಲ್ವಾ 1704ರಲ್ಲಿ ಕಿವಿಯ ಬಗ್ಗೆ ಬರೆದ ಗ್ರಂಥದಲ್ಲಿ ಇದನ್ನು ವಿವರಿಸಿದ್ದ. ಅವನಿಗೆ ಡೈವಿಂಗಿನ ಗೊಡವೆ ಇರಲಿಲ್ಲ, ನಡುಗಿವಿಯಲ್ಲಿ ತುಂಬಿದ ಕೀವನ್ನು ಹೊರಗೆ ಹಾಕಿಸುವ ದಾರಿ ಹುಡುಕುತ್ತಿದ್ದ. ಮೂಗು ಹಿಡಿದು ಉಗುಳು ನುಂಗುವ ಇನ್ನೊಂದು ವಿಧಾನವೂ ಇದೆ, ಅದಕ್ಕೆ ಟಾಯ್ನ್‌ಬೀ ಅಂತ ಹೆಸರು. ಅದೇ ಹೆಚ್ಚು ಮೃದು ಅನ್ನುವವರೂ ಇದ್ದಾರೆ.

ಗುಟ್ಟು ಇರೋದು ಯಾವಾಗ ಮಾಡಬೇಕು ಅನ್ನೋದರಲ್ಲಿ. ನೋವು ಬಂದ ಮೇಲೆ ಅಲ್ಲ, ನೋವು ಬರುವ ಮೊದಲು. ತಲೆ ನೀರಿನೊಳಗೆ ಹೋಗುತ್ತಿದ್ದ ಹಾಗೇ ಶುರು ಮಾಡಿ ಎರಡು ಮೂರು ಅಡಿಗೊಮ್ಮೆ ಮಾಡುತ್ತಲೇ ಇರಬೇಕು. ಯಾಕೆಂದರೆ ಹೊರಗೂ ಒಳಗೂ ಸುಮಾರು ನಾಲ್ಕು ಅಡಿ ನೀರಿನಷ್ಟು ಒತ್ತಡದ ವ್ಯತ್ಯಾಸ ಆಯಿತೆಂದರೆ ಆ ನಳಿಕೆಯ ಬಾಯಿ ಕಚ್ಚಿಕೊಂಡುಬಿಡುತ್ತದೆ. ಆಮೇಲೆ ಎಷ್ಟು ಊದಿದರೂ ತೆರೆಯುವುದಿಲ್ಲ. ಆಗ ಇರುವ ಒಂದೇ ಮದ್ದು, ಒಂದೆರಡು ಮೀಟರ್ ಮೇಲಕ್ಕೆ ಬರೋದು. ಬಂದು ಮತ್ತೆ ಪ್ರಯತ್ನ ಮಾಡೋದು. ಆಗಲೂ ಬಿಡಲಿಲ್ಲವಾ, ಅವತ್ತಿನ ಡೈವು ಅಲ್ಲಿಗೆ ಮುಗೀತು ಅಂತ ತಿಳಿಯೋದು.

ನಮ್ಮ ಜನ ಮಾಡೋದು ಇದರ ಉಲ್ಟಾ. ಬಿಡಲಿಲ್ಲ ಅಂದರೆ ಇನ್ನೂ ಜೋರಾಗಿ ಊದುತ್ತಾರೆ!

ಹಾಗೆ ಊದಿದಾಗ ಏನಾಗುತ್ತೆ ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳಬೇಕು. ತಮಟೆಗೆ ಆಗುವ ಪೆಟ್ಟು ಒಂದು ಥರ. ಕೆಂಪಗಾಗಬಹುದು, ಹಿಂದೆ ನೀರು ಅಥವಾ ರಕ್ತ ತುಂಬಿಕೊಳ್ಳಬಹುದು, ಹರಿದೂ ಹೋಗಬಹುದು. ಹರಿದರೆ ತಣ್ಣೀರು ಒಳಗೆ ನುಗ್ಗಿ ತಲೆ ಗಿರ್ರ್ ಅನ್ನುತ್ತದೆ, ನೀರಿನೊಳಗೆ ಮೇಲು ಯಾವುದು ಕೆಳಗು ಯಾವುದು ತಿಳಿಯೋದಿಲ್ಲ. ಭಯಂಕರವೇ. ಆದರೂ ತಮಟೆ ದೊಡ್ಡ ಮನಸ್ಸಿನದು, ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ.

ಒಳಗಿವಿಯದ್ದು ಬೇರೆಯೇ ಕಥೆ. ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿರುವ ಕಾಕ್ಲಿಯಾದಲ್ಲಿ ದ್ರವ ತುಂಬಿದೆ. ಆ ದ್ರವವನ್ನೂ ನಡುಗಿವಿಯ ಗಾಳಿಯನ್ನೂ ಬೇರೆ ಮಾಡಿರೋದು ‘ದುಂಡು ಕಿಟಕಿ’ ಅನ್ನುವ ತೀರಾ ತೆಳುವಾದ ಪೊರೆ. ಬಲವಾಗಿ ಮುಕ್ಕಿ ಊದಿದಾಗ ತಲೆಯೊಳಗಿನ ಒತ್ತಡ ಏರಿ ಆ ದ್ರವವನ್ನು ಒಳಗಿನಿಂದ ದೂಡುತ್ತದೆ. ನಡುಗಿವಿಯಲ್ಲಾದರೋ ಒತ್ತಡ ಕಡಿಮೆ, ಅದು ಹೊರಗಿನಿಂದ ಎಳೆಯುತ್ತಿರುತ್ತದೆ. ದೂಡುವುದೂ ಎಳೆಯುವುದೂ ಸೇರಿದರೆ ಆ ಪೊರೆ ಹರಿದು ಒಳಗಿನ ದ್ರವ ಸೋರಬಹುದು. ನಾವು ಕೇಳೋದು ಕಾಕ್ಲಿಯಾದೊಳಗಿನ ಕೂದಲಿನಂಥ ಎಳೆಗಳಿರುವ ಜೀವಕೋಶಗಳಿಂದ. ಮನುಷ್ಯರಲ್ಲಿ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ತಲೆಕೂದಲಾದರೂ ಉದುರಿದ ಮೇಲೆ ಕಸಿ ಮಾಡಿಸಬಹುದು, ಇವಕ್ಕೆ ಅದೂ ಇಲ್ಲ.

ನನ್ನ ಗೆಳೆಯನೊಬ್ಬನಿಗೆ ಆದದ್ದು ಇದೇ. ಹೆಸರು ಬೇಡ. ಆರು ಜನರ ಗುಂಪು, ಏಸಿ ಸ್ಲೀಪರ್ ಬಸ್ಸು, ಬೆಳಗಾಗುವಷ್ಟರಲ್ಲಿ ಇವನಿಗೆ ಮೂಗು ಕಟ್ಟಿತ್ತು. ತಲೆಗೆ ಸುಮಾರು ಐದು ಸಾವಿರದ ಹಾಗೆ ಮುಂಗಡ ಕಟ್ಟಿಯಾಗಿತ್ತು, 24 ಗಂಟೆಯೊಳಗೆ ರದ್ದು ಮಾಡಿದರೆ ಒಂದು ಪೈಸೆ ವಾಪಸಿಲ್ಲ ಅನ್ನೋ ಷರತ್ತಿತ್ತು. ಅವನು ಕೇಳಿದ್ದಕ್ಕೆ ದೋಣಿಯ ಮೇಲಿದ್ದವರು ‘ಚಿಕ್ಕ ನೆಗಡಿ ತಾನೇ, ಜೋರಾಗಿ ಊದಿ, ಬಿಡುತ್ತೆ’ ಅಂದರು. ಊದಿದ. ಎಡಗಿವಿಯಲ್ಲಿ ಏನೋ ಸಿಡಿದ ಹಾಗಾಯಿತು, ತಲೆ ತಿರುಗಿತು, ಮೇಲೆ ಬಂದ ಮೇಲೆ ಕಿವಿಯಲ್ಲಿ ಕುಯ್ಯ್ ಅನ್ನೋ ಸದ್ದು. ಬೆಂಗಳೂರಿಗೆ ವಾಪಸ್ ಬಂದು ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದರೆ ಅಲ್ಲಿ ಗುಗ್ಗೆ ಇದೆ, ಶೀತವೂ ಇದೆ ಅಂತ ಡ್ರಾಪ್ಸ್ ಬರೆದುಕೊಟ್ಟರು. ಮೂರು ವಾರ ಕಳೆದ ಮೇಲೆ ಇನ್ನೊಬ್ಬ ಕಿವಿ ಡಾಕ್ಟರು ಆಡಿಯೋಗ್ರಾಂ ಮಾಡಿಸಿದಾಗ ಗೊತ್ತಾಯಿತು, ಎಡಗಿವಿ ಕೀರಲು ದನಿಗಳನ್ನು ಕಳಕೊಂಡಿದೆ, ಮತ್ತೆ ಬರೋದು ಕಷ್ಟ ಅಂತ. ಈಗ ಅವನು ಹೋಟೆಲಿನಲ್ಲಿ ಕೂರೋವಾಗ ನಾವೆಲ್ಲ ಅವನ ಬಲಕ್ಕೇ ಬರುವ ಹಾಗೆ ಜಾಗ ಹುಡುಕುತ್ತಾನೆ. ರಾತ್ರಿ ಚಳಿಯಿದ್ದರೂ ಫ್ಯಾನು ಬೇಕು, ಇಲ್ಲದಿದ್ದರೆ ಆ ಕುಯ್ಯ್ ಸದ್ದು ಮಲಗೋಕೆ ಬಿಡುವುದಿಲ್ಲ. ಐದು ಸಾವಿರ ಉಳಿಯಿತು ಅನ್ನಿ!

*

ಹಾಗಾದರೆ ಡೈವಿಂಗ್ ಮಾಡಿದರೆ ಕಿವುಡಾಗ್ತಾರಾ?

ಇಲ್ಲ. ಇದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಹವ್ಯಾಸಕ್ಕೆ ಡೈವ್ ಮಾಡುವವರನ್ನೂ ಮಾಡದವರನ್ನೂ ಪಕ್ಕಪಕ್ಕ ಇಟ್ಟು ಕೇಳುವ ಶಕ್ತಿ ಅಳೆದು ನೋಡಿದ ಅಧ್ಯಯನಗಳಿವೆ. ಕಿವಿಗೆ ಪೆಟ್ಟು ಮಾಡಿಕೊಳ್ಳದೆ ಜಾಗ್ರತೆಯಿಂದ ಡೈವ್ ಮಾಡುವವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಾಮಾನ್ಯವಾಗಿ ಕಂಡುಬಂದಿಲ್ಲ. ವೃತ್ತಿಯಾಗಿ ನೀರಿನಡಿ ಕೆಲಸ ಮಾಡುವವರಲ್ಲಿ ಕಿವಿ ಮಂದವಾಗೋದು ಇದೆ, ಅಲ್ಲಿ ಯಂತ್ರಗಳ ಗದ್ದಲ, ಹೆಲ್ಮೆಟ್ಟಿನೊಳಗೆ ನುಗ್ಗುವ ಗಾಳಿಯ ಭೋರ್ಗರೆತ ಇವೂ ಸೇರುತ್ತವೆ. ನಮ್ಮಂಥವರ ಕಿವಿಗೆ ಸಮುದ್ರ ದಿನದಿನವೂ ಸವೆಸುವ ಶತ್ರು ಅಲ್ಲ. ಕೆಡೋದು ಒಂದೇ ದಿನ, ಒಂದೇ ಇಳಿತದಲ್ಲಿ, ಬಹುಮಟ್ಟಿಗೆ ತಪ್ಪಿಸಬಹುದಾದ ಒಂದೇ ನಿಮಿಷದಲ್ಲಿ. ಹಾಗಾಗಿಯೇ ನನಗೆ ಇದು ಹಣೆಬರಹದ ವಿಷಯ ಅನ್ನಿಸೋದಿಲ್ಲ, ನಿಯಮದ ವಿಷಯ ಅನ್ನಿಸುತ್ತದೆ.

ಇದೇನು ಹೊಸದಾಗಿ ಗೊತ್ತಾದ ಸಂಗತಿಯೂ ಅಲ್ಲ. ಅರಿಸ್ಟಾಟಲನ ಹೆಸರಿನಲ್ಲಿ ಉಳಿದುಬಂದಿರುವ ಒಂದು ಪ್ರಶ್ನೋತ್ತರದ ಗ್ರಂಥದಲ್ಲೇ ‘ಸಮುದ್ರದಲ್ಲಿ ಮುಳುಗುವವರ ಕಿವಿ ಯಾಕೆ ಒಡೆಯುತ್ತದೆ?’ ಅನ್ನೋ ಪ್ರಶ್ನೆ ಇದೆ. ಮುಳುಗುಗಾರರು ಕಿವಿಗೆ ಸ್ಪಂಜು ಕಟ್ಟಿಕೊಳ್ಳುತ್ತಿದ್ದ ಮಾತೂ ಅಲ್ಲೇ ಬರುತ್ತದೆ. ಹೊಟ್ಟೆಪಾಡಿಗೆ ಮುಳುಗುವವರಿಗೆ ಆಯ್ಕೆ ಕಡಿಮೆ. ಕೂಸ್ಟೋ ಮತ್ತು ಗಾನ್ಯಾನ್ ಸೇರಿ 1943ರಲ್ಲಿ ಆಕ್ವಾಲಂಗ್ ರೂಪಿಸಿದ ಮೇಲೆ ಸಮುದ್ರ ಮೋಜಿಗೂ ತೆರೆದುಕೊಂಡಿತು. ಮೋಜಿಗೆ ಹೋಗುವ ನಮಗೆ ‘ಇವತ್ತು ಬೇಡ’ ಅನ್ನುವ ಆಯ್ಕೆ ಇದೆ. ಇದ್ದೂ ಬಳಸದಿದ್ದರೆ ಹೇಗೆ?

ತಮಾಷೆ ಅಂದರೆ ಕೂಸ್ಟೋನ ಪುಸ್ತಕಕ್ಕೂ (1953), 1956ರ ಚಿತ್ರಕ್ಕೂ ಹೆಸರು ‘ಮೌನ ಜಗತ್ತು’ ಅಂತ. ಒಮ್ಮೆ ಇಳಿದು ನೋಡಿ, ಮೌನ ಎಲ್ಲಿದೆ ಅಲ್ಲಿ? ಸಣ್ಣ ಸಿಗಡಿಗಳು ಚಿಮ್ಮಟದಂಥ ಕೊಂಡಿ ಚಟಕಿಸುವ ಸದ್ದು ಒಗ್ಗರಣೆಯ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಎಡೆಬಿಡದೆ ಕೇಳುತ್ತದೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟಿಗೂ ಹೆಚ್ಚು. ಎರಡೂ ಕಿವಿಗೆ ಒಟ್ಟಿಗೇ ಬಂದ ಹಾಗಾಗಿ ಯಾವ ದಿಕ್ಕಿನದು ಅಂತ ತಿಳಿಯೋದಿಲ್ಲ, ದೋಣಿಯ ಸದ್ದು ತಲೆಯೊಳಗಿನಿಂದಲೇ ಬಂದ ಹಾಗಿರುತ್ತದೆ. ಬರೀ ಕಣ್ಣಿಗಲ್ಲ, ಕಿವಿಗೂ ಹಬ್ಬ ಅದು. ಆ ಹಬ್ಬದಲ್ಲೇ ಕಿವಿ ಕಳಕೊಳ್ಳೋದು ಯಾವ ನ್ಯಾಯ ಹೇಳಿ.

*

ಈಗ ದೋಣಿಯ ಮೇಲಿನ ಮಾತಿಗೆ ಬರೋಣ. ನಾನು ಎರಡನೇ ಸಲ ಹೋದಾಗ ನಮ್ಮ ದೋಣಿಯಲ್ಲಿ ದಾವಣಗೆರೆ ಕಡೆಯ ಒಂದು ಕುಟುಂಬ ಇತ್ತು. ಹೇಳಿಕೊಟ್ಟದ್ದೆಲ್ಲ ಅರ್ಧ ಇಂಗ್ಲಿಷು ಅರ್ಧ ಹಿಂದಿ. ‘ಈಕ್ವಲೈಸ್ ಕರ್‌ತೇ ರೆಹನಾ’ ಅಂತ ಹೇಳಿ ಮುಂದಿನ ವಿಷಯಕ್ಕೆ ಹೋದರು. ಆ ಅಮ್ಮ ನನ್ನ ಕಡೆ ಬಗ್ಗಿ, ‘ಈಕ್ವಲೈಸ್ ಅಂದ್ರ ಏನಪಾ ತಮ್ಮಾ?’ ಅಂದರು. ‘ಘಾಟಿ ಇಳಿಯೋವಾಗ ಕಿವಿ ಕಟ್ತದಲ್ಲ ಅಮ್ಮ, ಅದನ್ನ ಬಿಡಿಸ್ಕೊಳ್ಳೋದು’ ಅಂದೆ. ‘ಓ, ಅಷ್ಟೇನಾ!’ ಅಂದರು. ನೋಡಿ, ನಮ್ಮಲ್ಲಿ ಮಾತು ಮೊದಲಿಂದಲೂ ಇದೆ. ಕಿವಿ ಕಟ್ಟುತ್ತದೆ, ಕಿವಿ ಬಿಡುತ್ತದೆ. ಹೊಸ ಪದ ಟಂಕಿಸಬೇಕಿಲ್ಲ, ಸಂಸ್ಕೃತದಿಂದ ‘ಸಮತೋಲನ’ ಗಿಮತೋಲನ ತರಬೇಕಿಲ್ಲ. ‘ಕಿವಿ ಬಿಡಿಸ್ಕೊಳ್ತಾ ಇರಿ, ಬಿಡದಿದ್ದರೆ ಹೀಗೆ ಕೈ ತೂಗಾಡಿಸಿ ಕಿವಿ ತೋರಿಸಿ, ನಾನು ನಿಲ್ಲಿಸ್ತೀನಿ’. ಕನ್ನಡನಾಡಿನ ಸಮುದ್ರದಲ್ಲಿ ಕನ್ನಡದವರಿಗೆ ಇಷ್ಟನ್ನು ಕನ್ನಡದಲ್ಲಿ ಹೇಳಿ ಅನ್ನೋದು ಭಾಷಾಭಿಮಾನದ ಮಾತು ಅಲ್ಲವೇ ಅಲ್ಲ, ಸುರಕ್ಷತೆಯ ಮಾತು.

ಯಾಕೆಂದರೆ ಈಜು ಬಾರದವರನ್ನು ಇಳಿಸುವಾಗ ಹಿಂದಿನಿಂದ ಸಿಲಿಂಡರು ಹಿಡಿದು ಇಳಿಸೋದು ಮಾರ್ಗದರ್ಶಕರು. ಇಳಿಯುವ ವೇಗ ಅವರ ಕೈಯಲ್ಲಿ, ಕಿವಿ ನಮ್ಮದು. ನಮ್ಮ ಕಿವಿಯೊಳಗಿನ ನೋವು ಅವರಿಗೆ ಕಾಣೋದಿಲ್ಲ. ನೀರಿನೊಳಗೆ ಬಾಯಿ ಬಿಟ್ಟು ಹೇಳುವಂತಿಲ್ಲ. ಮಧ್ಯೆ ಇರುವ ಒಂದೇ ಸೇತುವೆ ಆ ಸನ್ನೆ. ಆ ಸನ್ನೆಯೇ ಅರ್ಥವಾಗದೆ ಇಳಿದವರ ಪಾಡೇನು?

ಎರಡನೆಯದು, ದುಡ್ಡು. ನನ್ನ ದೊಡ್ಡ ತಕರಾರು ಇರೋದು ಇಲ್ಲೇ. ರದ್ದು ಮಾಡಿದರೆ ಹಣ ವಾಪಸಿಲ್ಲ ಅನ್ನೋದು ಲೆಕ್ಕಪತ್ರದ ನಿಯಮ ಅಂತ ಎಲ್ಲರೂ ತಿಳಿದಿದ್ದಾರೆ. ಅದು ಕಿವಿಯ ನಿಯಮ ಕೂಡ. ನೆಗಡಿ ಅನ್ನೋದು 24 ಗಂಟೆ ಮೊದಲೇ ನೋಟೀಸು ಕೊಟ್ಟು ಬರುವುದಿಲ್ಲ! ರಾತ್ರಿ ಬಸ್ಸಿನಲ್ಲಿ ಮೂಗು ಕಟ್ಟಿದವನ ಮುಂದೆ ‘ಐದು ಸಾವಿರ ಬೇಕೋ, ಕಿವಿ ಬೇಕೋ’ ಅಂತ ಇಟ್ಟರೆ ಮಧ್ಯಮ ವರ್ಗದ ನಾವು ಏನು ಆರಿಸಿಕೊಳ್ತೀವಿ ಅಂತ ನಿಮಗೂ ಗೊತ್ತು. ಸಾಲದ್ದಕ್ಕೆ ಎಷ್ಟೋ ಕಡೆ ಆರೋಗ್ಯದ ಪ್ರಶ್ನಾವಳಿಯನ್ನು ಕೈಗೆ ಕೊಡೋದು ದಂಡೆಯಲ್ಲಿ, ಎಲ್ಲ ಮುಗಿದ ಮೇಲೆ. ಡೈವಿಂಗ್ ಸಂಸ್ಥೆಗಳು ಬಳಸುವ ಪ್ರಶ್ನಾವಳಿಯಲ್ಲಿ ಕಿವಿಯ ಕಾಯಿಲೆ, ಕಿವಿಯ ಆಪರೇಷನ್ನು, ಸೈನಸ್ಸು ಎಲ್ಲದರ ಬಗ್ಗೆ ಪ್ರಶ್ನೆ ಇದೆ. ಅದನ್ನ ಬುಕಿಂಗ್ ಮಾಡೋವಾಗಲೇ ಕೇಳಿದರೆ ಉತ್ತರ ನಿಜ ಇರುತ್ತದೆ. ಹಣ ಕಟ್ಟಿ, ರಾತ್ರಿಯಿಡೀ ಪ್ರಯಾಣ ಮಾಡಿ, ವೆಟ್‌ಸೂಟು ಏರಿಸಿಕೊಂಡು ನಿಂತವನ ಕೈಗೆ ಕೊಟ್ಟರೆ ಎಲ್ಲದಕ್ಕೂ ‘ಇಲ್ಲ’ ಅಂತ ಗೀಚುತ್ತಾನೆ.

ನಡೆಸುವವರ ಕಷ್ಟವೂ ನನಗೆ ಗೊತ್ತಿಲ್ಲದ್ದಲ್ಲ. ಮಳೆಗಾಲದಲ್ಲಿ ಸಮುದ್ರ ಮುಚ್ಚಿರುತ್ತದೆ, ಉಳಿದ ತಿಂಗಳುಗಳಲ್ಲೇ ವರ್ಷದ ದುಡಿಮೆ ಆಗಬೇಕು. ದೋಣಿ ಹೊರಟ ಮೇಲೆ ಹತ್ತು ಜನ ಇದ್ದರೂ ಡೀಸೆಲ್ ಅಷ್ಟೇ, ಒಂಬತ್ತು ಜನ ಇದ್ದರೂ ಅಷ್ಟೇ. ಎಲ್ಲರಿಗೂ ಪೂರ್ತಿ ಹಣ ವಾಪಸ್ ಕೊಡಿ ಅಂತ ನಾನು ಹೇಳುತ್ತಿಲ್ಲ. ಆದರೆ ದಾರಿ ಇದೆ. ಕಿವಿ ಮೂಗಿನ ಕಾರಣಕ್ಕೆ ಹಿಂದೆ ಸರಿದವರಿಗೆ ಇನ್ನೊಂದು ದಿನಕ್ಕೆ ಅದೇ ಟಿಕೆಟ್ಟು ನಡೆಯಲಿ. ಇಲ್ಲವೇ ಅದೇ ದೋಣಿಯಲ್ಲಿ ಕರೆದೊಯ್ದು ಸ್ನಾರ್ಕಲಿಂಗ್ ಮಾಡಿಸಿ, ವ್ಯತ್ಯಾಸದ ಹಣ ಹಿಂದಿರುಗಿಸಲಿ. ಮೇಲೇ ತೇಲುತ್ತಾ ಮುಖ ಮಾತ್ರ ನೀರಿಗಿಟ್ಟು ನೋಡುವುದಕ್ಕೆ ಕಿವಿಯ ತಂಟೆಯಿಲ್ಲ, ನೇತ್ರಾಣಿಯ ನೀರು ತಿಳಿಯಾಗಿದ್ದ ದಿನ ಮೇಲಿನಿಂದಲೂ ಮೀನು ಬೇಕಾದಷ್ಟು ಕಾಣುತ್ತವೆ. ‘ನಿಮ್ಮ ಕಿವಿ ಬಿಡದಿದ್ದರೆ ನಿಮ್ಮ ಹಣ ಮುಳುಗುವುದಿಲ್ಲ’ ಅಂತ ಬೋರ್ಡು ಹಾಕಿದವರ ಹತ್ತಿರವೇ ನಾನಂತೂ ಹೋಗುತ್ತೇನೆ, ಐನೂರು ರೂಪಾಯಿ ಜಾಸ್ತಿಯಾದರೂ ಸರಿ.

ಮೂರನೆಯದು ನಮ್ಮದೇ ಬಾಯಿ. ಕಿವಿ ನೋವು ಅಂತ ಎರಡೇ ನಿಮಿಷಕ್ಕೆ ಮೇಲೆ ಬಂದವನನ್ನು ದೋಣಿಯಲ್ಲಿ ಕೂತವರು ಆಡಿಕೊಳ್ಳೋದನ್ನ ನೋಡಿದ್ದೇನೆ. ‘ಇಷ್ಟಕ್ಕೇ ಬಂದ್ಯಾ ಮಾರಾಯ?’ ಅಂತ. ಇಡೀ ದೋಣಿಯಲ್ಲಿ ಡೈವಿಂಗ್ ಸರಿಯಾಗಿ ಮಾಡಿದವನು ಅವನೊಬ್ಬನೇ ಆಗಿರಬಹುದು. ಯಾವ ಡೈವನ್ನು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಕೊಡದೆಯೂ ನಿಲ್ಲಿಸಬಹುದು ಅನ್ನೋದು ಡೈವಿಂಗ್ ಕಲಿತವರೆಲ್ಲ ಒಪ್ಪಿರುವ ಶಿಷ್ಟಾಚಾರ. ನಾವು ಅದನ್ನ ಹೇಡಿತನ ಅಂತೀವಿ.

*

ಹೋಗುವವರಿದ್ದರೆ ಇಷ್ಟು ಕಿವಿಯಲ್ಲಿ ಹಾಕಿಕೊಳ್ಳಿ :-)

1. ದಂಡೆಯಲ್ಲಿ ನಿಂತೇ ಮೂಗು ಹಿಡಿದು ಮೆಲ್ಲಗೆ ಊದಿ ಅಥವಾ ಉಗುಳು ನುಂಗಿ ನೋಡಿ. ಎರಡೂ ಕಿವಿ ಬಿಡುತ್ತಿಲ್ಲ ಅಂದರೆ ನೀರಿನಲ್ಲಿ ಬಿಡುವುದು ಇನ್ನೂ ಕಷ್ಟ. ಅವತ್ತು ಬೇಡ.

2. ಮೂಗು ಬಿಡಿಸುವ ಮಾತ್ರೆ, ಸ್ಪ್ರೇ ನಂಬಿಕೊಂಡು ಇಳಿಯಬೇಡಿ. ಅದರ ಪ್ರಭಾವ ನೀವು ಕೆಳಗಿರುವಾಗಲೇ ಇಳಿದರೆ, ಮೇಲೆ ಬರುವಾಗ ಹಿಗ್ಗುವ ಗಾಳಿಗೆ ಹೊರಹೋಗಲು ದಾರಿ ಇರುವುದಿಲ್ಲ.

3. ಕಿವಿಗೆ ಹತ್ತಿಯನ್ನಾಗಲಿ ಪ್ಲಗ್ಗನ್ನಾಗಲಿ ಇಟ್ಟುಕೊಂಡು ಇಳಿಯಬಾರದು. ಪ್ಲಗ್ಗಿಗೂ ತಮಟೆಗೂ ನಡುವೆ ಸಿಕ್ಕಿಬಿದ್ದ ಗಾಳಿಯನ್ನು ಸಮ ಮಾಡಲು ಯಾವ ಉಪಾಯವೂ ಇಲ್ಲ.

4. ತಲೆ ಮೇಲಾಗಿ, ಕಾಲು ಕೆಳಗಾಗಿ, ಹಗ್ಗ ಹಿಡಿದು ನಿಧಾನ ಇಳಿಸಿ ಅಂತ ಮೊದಲೇ ಕೇಳಿಕೊಳ್ಳಿ. ಮಕ್ಕಳ ಜೊತೆ ಹೋಗುವವರು ಇನ್ನೂ ಹುಷಾರಾಗಿರಿ, ಅವರಿಗೆ ಆ ನಳಿಕೆ ಕಿರಿದು, ನೋವು ಹೇಳಿಕೊಳ್ಳುವ ಧೈರ್ಯವೂ ಕಡಿಮೆ.

5. ಬಂದ ಮೇಲೆ ಕಿವಿ ಸ್ವಲ್ಪ ಕಟ್ಟಿದ ಹಾಗಿದ್ದರೆ ಗಾಬರಿ ಬೇಡ, ಸಾಮಾನ್ಯವಾಗಿ ಕೆಲವು ದಿನದಲ್ಲಿ ಸರಿಹೋಗುತ್ತದೆ. ಆದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವ ನಮ್ಮ ಮನೆಮದ್ದು ಬೇಡವೇ ಬೇಡ. ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ನೇರ ಒಳಗೆ ಹೋಗುತ್ತದೆ. ಪೂರ್ತಿ ವಾಸಿಯಾಗುವ ತನಕ ಮತ್ತೆ ನೀರಿಗಿಳಿಯೋದೂ ಬೇಡ.

6. ಕಿವಿ ಗುಂಯ್‌ಗುಡುತ್ತಿದ್ದರೆ, ತಲೆ ಸುತ್ತುತ್ತಿದ್ದರೆ, ಒಂದು ಕಿವಿ ಇದ್ದಕ್ಕಿದ್ದಂತೆ ಮಂಕಾದರೆ ಅದು ಬರೀ ‘ಕಿವಿ ಕಟ್ಟಿದ್ದು’ ಅಲ್ಲ. ಅವತ್ತೇ ಕಿವಿ ಡಾಕ್ಟರ ಹತ್ತಿರ ಹೋಗಿ. ‘ಡೈವಿಂಗ್ ಮಾಡಿದ್ದೆ’ ಅಂತ ಮೊದಲ ವಾಕ್ಯದಲ್ಲೇ ಹೇಳಿ. ಟ್ಯೂನಿಂಗ್ ಫೋರ್ಕನ್ನು ಹಣೆಗಿಟ್ಟು ನೋಡುವ ಎರಡು ನಿಮಿಷದ ಪರೀಕ್ಷೆ ಇದೆ. ತೊಂದರೆ ನಡುಗಿವಿಯಲ್ಲಿದ್ದರೆ ಸದ್ದು ಕೆಟ್ಟ ಕಿವಿಯ ಕಡೆ ಜೋರಾಗಿ ಕೇಳುತ್ತದೆ, ಒಳಗಿವಿಯಲ್ಲಿದ್ದರೆ ಒಳ್ಳೆಯ ಕಿವಿಯ ಕಡೆ. ಆಮೇಲೆ ಆಡಿಯೋಗ್ರಾಂ ಮಾಡಿಸಿ. ಒಳಗಿವಿಯ ಪೆಟ್ಟಿಗೆ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು, ತಡ ಮಾಡಿದ ದಿನಗಳನ್ನು ಯಾರೂ ವಾಪಸ್ ಕೊಡಲಾರರು.

ಇಷ್ಟನ್ನೆಲ್ಲ ಬರೆದ ಮೇಲೆ ಒಂದು ಮಾತು. ನಮ್ಮ ಬ್ಲಾಗುಗಳಲ್ಲಿ ನೇತ್ರಾಣಿಗೆ ಹೋಗಿ ಬಂದವರ ಕಥನ ಬೇಕಾದಷ್ಟು ಬಂದಿವೆ. ಹವಳ, ಮೀನು, ದೋಣಿಯಲ್ಲಿ ವಾಂತಿ ಮಾಡಿಕೊಂಡದ್ದು ಎಲ್ಲ ಓದಿದ್ದೇನೆ, ನಕ್ಕಿದ್ದೇನೆ. ಇನ್ನು ಮುಂದೆ ಬರೆಯುವವರು ಇನ್ನೆರಡು ಸಾಲು ಸೇರಿಸಿ: ನಿಮಗೆ ಕಿವಿಯ ವಿಷಯ ಯಾರು ಹೇಳಿದರು, ಯಾವ ಭಾಷೆಯಲ್ಲಿ ಹೇಳಿದರು, ಬೇಡ ಅಂದಿದ್ದರೆ ಹಣದ ಗತಿ ಏನಾಗುತ್ತಿತ್ತು ಅಂತ. ಓದಿದ ನಾಲ್ಕು ಜನ ಬುಕಿಂಗ್ ಮಾಡೋವಾಗ ಇದೇ ಪ್ರಶ್ನೆ ಕೇಳಲಿ. ಹತ್ತು ಜನ ಗಿರಾಕಿಗಳು ಕೇಳಿದರೆ ಹನ್ನೊಂದನೆಯವರು ಕೇಳುವ ಮೊದಲೇ ಉತ್ತರ ಬೋರ್ಡಿನ ಮೇಲೆ ಬಂದಿರುತ್ತದೆ, ವ್ಯಾಪಾರ ಅಂದರೆ ಹಾಗೇ.

ನೇತ್ರಾಣಿ ಎಲ್ಲೂ ಓಡಿಹೋಗುವುದಿಲ್ಲ. ಈ ವಾರ ಬೇಡ ಅಂದ ಕಿವಿ ಮುಂದಿನ ತಿಂಗಳು ಹೂಂ ಅನ್ನುತ್ತದೆ. ನಿಮಗೇನನ್ನಿಸುತ್ತೆ, ಕೆಳಗೆ ಬರೀರಿ. ಹೋಗಿ ಬಂದವರಿದ್ದರಂತೂ ತಪ್ಪದೆ ಬರೀರಿ.